ಹಣೆಪಟ್ಟಿ ಬಿಡಿ, ಮೀಟರ್ ಹಿಡಿಯಿರಿ: ಹಳೆಯ ಶೈಲಿಯ ಗಿಟಾರಿಗೆ ಯಾವ ಪಾಟ್?

ಪ್ರಶ್ನೆ: ನಮಸ್ಕಾರ ಸರ್. ಮಂಗಳೂರಿನಲ್ಲಿ ಚರ್ಚಿನ ಗಾಯನ ತಂಡದಲ್ಲೂ ಮದುವೆ ಸಮಾರಂಭಗಳ ಬ್ಯಾಂಡಿನಲ್ಲೂ ಗಿಟಾರ್ ನುಡಿಸುತ್ತೇನೆ. ನನ್ನದು ಇಂಡೋನೇಷ್ಯಾದಲ್ಲಿ ತಯಾರಾದ, ಅರವತ್ತರ ದಶಕದ ಸ್ಟ್ರಾಟೋಕ್ಯಾಸ್ಟರ್ ಶೈಲಿಯ ಗಿಟಾರ್. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳು ಮೂರಿವೆ. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಜೊತೆಗೆ 10ರಿಂದ 4ರವರೆಗೆ ಇಳಿಸಿದರೂ ದೊಡ್ಡ ವ್ಯತ್ಯಾಸ ಕೇಳಿಸುವುದಿಲ್ಲ, 2ರ ಹತ್ತಿರ ಬಂದಾಗ ಥಟ್ಟನೆ ದನಿ ಅಡಗುತ್ತದೆ. ಅಂಗಡಿಯವರು ‘ಬಿ500ಕೆ’ ಎಂದು ಬರೆದ ಪಾಟ್ (ನಾಬಿನ ಕೆಳಗಿರುವ ಪೊಟೆನ್ಶಿಯೋಮೀಟರ್) ಕೊಟ್ಟು, ಇದನ್ನು ಹಾಕಿದರೆ ಸದ್ದು ಜೋರಾಗುತ್ತದೆ ಎಂದರು. ಗೆಳೆಯನೊಬ್ಬ 250 ಕೆ (ಕಿಲೋಓಮ್) ಮಾತ್ರ ಹಾಕು ಎನ್ನುತ್ತಾನೆ. ಇನ್ನೊಬ್ಬರು 1966ರ ಮೂಲ ಪಾಟ್ ಇದೆ, ಕೊಳ್ಳುತ್ತೀಯಾ ಎಂದು ಕೇಳುತ್ತಿದ್ದಾರೆ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಸಾಯುವುದಕ್ಕೆ ಏನು ಮಾಡಬೇಕು? ನನ್ನ ತಮ್ಮನ ಲೆಸ್ ಪಾಲ್ ಶೈಲಿಯ ಗಿಟಾರಿಗೂ ಪಾಟ್ ಬದಲಾಯಿಸಬೇಕಾಗಿದೆ. ಅದಕ್ಕೆ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಎರಡಕ್ಕೂ ಕಾರಣ ಬೇರೆ ಬೇರೆ. ಅಂಗಡಿಯವರು ಎರಡಕ್ಕೂ ಒಂದೇ ಮದ್ದು ಕೊಟ್ಟಿದ್ದಾರೆ, ಅದೂ ತಪ್ಪು ಮದ್ದು. ಆ ಬಿ500ಕೆ ಪಾಟನ್ನು ಇನ್ನೂ ಬೆಸೆದಿಲ್ಲವಾದರೆ ಹಾಗೆಯೇ ಹಿಂತಿರುಗಿಸಿ.

ಮೊದಲು ಕರಕರ ಸದ್ದು. ಪಾಟಿನ ತಗಡಿನ ಡಬ್ಬಿಯೊಳಗೆ ಲಾಳದ ಆಕಾರದ ಇಂಗಾಲದ ಪಟ್ಟಿಯೊಂದು ಇರುತ್ತದೆ. ನೀವು ನಾಬ್ ತಿರುಗಿಸಿದಾಗ ಲೋಹದ ಪುಟ್ಟ ನಾಲಿಗೆಯೊಂದು ಅದರ ಮೇಲೆ ಉಜ್ಜಿಕೊಂಡು ಸಾಗುತ್ತದೆ. ಅದನ್ನು ವೈಪರ್ ಎನ್ನುತ್ತಾರೆ. ಪಟ್ಟಿಯ ಮೇಲೆ ಧೂಳು, ಜಿಡ್ಡು ಕುಳಿತರೆ ವೈಪರ್ ಅಲ್ಲಲ್ಲಿ ಕ್ಷಣಕಾಲ ಸಂಪರ್ಕ ಕಳೆದುಕೊಳ್ಳುತ್ತದೆ. ಕಿವಿಗೆ ಬೀಳುವ ಕರಕರ ಅದೇ. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಸೇರಿದರೆ ಲೋಹದ ಭಾಗಗಳು ಬೇಗ ಮಂಕಾಗುತ್ತವೆ. ಹೀಗೆ ಕರಕರ ಎನ್ನುವ ಪಾಟ್‌ಗಳಲ್ಲಿ ಬಹುಪಾಲಿಗೆ ಬದಲಾವಣೆ ಬೇಕಿರುವುದಿಲ್ಲ, ಸ್ನಾನ ಸಾಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಕಂಟ್ಯಾಕ್ಟ್ ಕ್ಲೀನರ್ ತನ್ನಿ. ಪಾಟಿನ ಮೂರು ಕಾಲುಗಳು ಡಬ್ಬಿಯಿಂದ ಹೊರಬರುವ ಕಡೆ ಸಣ್ಣ ಸಂದು ಕಾಣುತ್ತದೆ. ಸ್ಪ್ರೇಯ ತೆಳು ಕೊಳವೆಯನ್ನು ಅಲ್ಲಿಗೆ ಹಿಡಿದು ಒಂದು ಚಿಮ್ಮು ಬಿಡಿ, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಆರಲು ಬಿಡಿ. ತುಕ್ಕು ಬಿಡಿಸಲು ಬಳಸುವ ಸಾಮಾನ್ಯ ಸ್ಪ್ರೇ ಎಣ್ಣೆಯನ್ನು ಮಾತ್ರ ಹಾಕಬೇಡಿ. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಅದೇ ಎಣ್ಣೆ ಧೂಳನ್ನು ಕರೆದು ಕೂರಿಸುತ್ತದೆ.

ತೊಳೆದ ಮೇಲೂ ಕರಕರ ಹೋಗದಿದ್ದರೆ ಪಾಟನ್ನು ಬೈಯುವ ಮೊದಲು ಇನ್ನೊಂದನ್ನು ನೋಡಿ. ಗಿಟಾರಿನ ನಂತರ ಬರುವ ಮೊದಲ ಪೆಡಲಿನ ಒಳಬರುವ ಕೆಪಾಸಿಟರ್ ಸೋರುತ್ತಿದ್ದರೆ ಸ್ವಲ್ಪ ನೇರ ವಿದ್ಯುತ್ತು ಹಿಂದಕ್ಕೆ ಹರಿದು ಗಿಟಾರಿನ ಪಾಟಿಗೆ ಬರುತ್ತದೆ. ಆಗ ಹೊಚ್ಚ ಹೊಸ ಪಾಟ್ ಕೂಡ ಕರಕರ ಎನ್ನುತ್ತದೆ. ಪೆಡಲ್‌ಗಳನ್ನೆಲ್ಲ ಬಿಟ್ಟು ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿ ನೋಡಿ. ಸದ್ದು ಮಾಯವಾದರೆ ತಪ್ಪು ಗಿಟಾರಿನದಲ್ಲ.

ಎರಡನೆಯ ದೂರು ತೊಳೆದರೆ ಹೋಗುವಂಥದ್ದಲ್ಲ. 10ರಿಂದ 4ರವರೆಗೆ ಏನೂ ಆಗದೆ ಕೊನೆಯಲ್ಲಿ ಒಮ್ಮೆಲೇ ಕುಸಿಯುವುದು ಲೀನಿಯರ್ ಪಾಟಿನ ಲಕ್ಷಣ. ಲೀನಿಯರ್ ಎಂದರೆ ನಾಬ್ ಎಷ್ಟು ತಿರುಗಿತೋ ಪ್ರತಿರೋಧವೂ ಅದೇ ಅನುಪಾತದಲ್ಲಿ ಬದಲಾಗುತ್ತದೆ. ಅರ್ಧ ತಿರುಗಿಸಿದರೆ ಅರ್ಧ ವೋಲ್ಟೇಜು. ಲೆಕ್ಕಕ್ಕೆ ನ್ಯಾಯವೇ, ಆದರೆ ನಮ್ಮ ಕಿವಿ ಆ ಲೆಕ್ಕ ಒಪ್ಪುವುದಿಲ್ಲ. ವೋಲ್ಟೇಜು ಅರ್ಧವಾದರೆ ಇಳಿಯುವುದು 6 ಡೆಸಿಬೆಲ್ ಮಾತ್ರ. ದನಿ ಅರ್ಧವಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅದಕ್ಕಾಗಿಯೇ ಆಡಿಯೋ ಟೇಪರ್ ಎಂಬ ಇನ್ನೊಂದು ಜಾತಿ ಇದೆ. ಅದರಲ್ಲಿ ನಾಬ್ ನಟ್ಟನಡುವೆ ಇದ್ದಾಗ ಒಟ್ಟು ಪ್ರತಿರೋಧದ ಶೇಕಡಾ 10ರಿಂದ 15ರಷ್ಟು ಮಾತ್ರ ನೆಲದ (ಗ್ರೌಂಡ್) ಕಡೆಗೆ ಇರುತ್ತದೆ, ಅಂದರೆ ದನಿ 16ರಿಂದ 20 ಡೆಸಿಬೆಲ್ ಇಳಿದಿರುತ್ತದೆ. ಕೆಲವು ತಯಾರಕರು ಗಿಟಾರಿಗೆಂದೇ ಶೇಕಡಾ 30ರ ಆಸುಪಾಸಿನ ಮೆದು ವಕ್ರರೇಖೆಯನ್ನೂ ಮಾಡುತ್ತಾರೆ. ಇವು ಯಾವುವೂ ಪಠ್ಯಪುಸ್ತಕದ ಲಾಗರಿದಮ್ ಅಲ್ಲ. ಬೇರೆ ಬೇರೆ ಪ್ರತಿರೋಧದ ಇಂಗಾಲದ ಲೇಪಗಳನ್ನು ಪಕ್ಕಪಕ್ಕ ಬಳಿದು, ಎರಡು ಸರಳರೇಖೆಗಳನ್ನು ಜೋಡಿಸಿ, ವಕ್ರರೇಖೆಯಂತೆ ಕಾಣಿಸುತ್ತಾರೆ. ಆ ಜೋಡಣೆಯ ಜಾಗದಲ್ಲಿ ದನಿ ಕೊಂಚ ಎಗರಿದಂತೆ ಅನ್ನಿಸಿದರೆ ಅದು ನಿಮ್ಮ ಭ್ರಮೆಯಲ್ಲ.

ಪಾಟಿನ ಮೇಲೆ ‘ಎ’ ಎಂದಿದ್ದರೆ ಆಡಿಯೋ, ‘ಬಿ’ ಎಂದಿದ್ದರೆ ಲೀನಿಯರ್ ಎಂಬುದು ಇಂದಿನ ಏಷ್ಯಾ ತಯಾರಿಯ ರೂಢಿ. ಹಳೆಯ ಯುರೋಪಿನ ಪಾಟ್‌ಗಳಲ್ಲಿ ಇದು ತಿರುವುಮುರುವಾಗಿ ಇರುವುದುಂಟು. ಆದ್ದರಿಂದ ಅಕ್ಷರ ಓದಿ ನಂಬುವುದಕ್ಕಿಂತ ಅಳೆಯುವುದೇ ವಾಸಿ. ಅಳೆಯುವ ಕ್ರಮ ಹೀಗೆ: ಪಾಟಿನ ಶಾಫ್ಟ್ ನಿಮ್ಮ ಮುಖದ ಕಡೆಗೂ ಕಾಲುಗಳು ಕೆಳಕ್ಕೂ ಇರುವಂತೆ ಹಿಡಿಯಿರಿ. ಶಾಫ್ಟನ್ನು ನಡುವೆ ನಿಲ್ಲಿಸಿ, ಎಡಗಾಲಿಗೂ ನಡುಗಾಲಿಗೂ ಮಲ್ಟಿಮೀಟರ್ ಮುಟ್ಟಿಸಿ. 250 ಕೆ ಪಾಟಿನಲ್ಲಿ 125 ಕೆ ಹತ್ತಿರ ತೋರಿಸಿದರೆ ಲೀನಿಯರ್. 25ರಿಂದ 40 ಕೆ ತೋರಿಸಿದರೆ ಆಡಿಯೋ. ಗಿಟಾರಿನಲ್ಲಿ ಬೆಸೆದಿರುವಾಗ ಅಳೆಯಬೇಡಿ. ಪಿಕಪ್ಪಿನ ಸುರುಳಿಯ ಪ್ರತಿರೋಧ 6 ಕೆ ಆಸುಪಾಸು, ಅದು ಪಾಟಿಗೆ ಸಮಾಂತರವಾಗಿ ಕುಳಿತು ಮೀಟರನ್ನು ದಾರಿ ತಪ್ಪಿಸುತ್ತದೆ. ಎಡಗೈಯವರ ಗಿಟಾರಿಗೆ ಇನ್ನೊಂದು ತೊಡಕಿದೆ: ತಿರುಗುವ ದಿಕ್ಕು ಬದಲಾಗಲೆಂದು ಹೊರಗಾಲುಗಳನ್ನು ಅದಲುಬದಲು ಮಾಡಿದರೆ ಆಡಿಯೋ ಟೇಪರ್ ತಲೆಕೆಳಗಾಗುತ್ತದೆ. ಅವರಿಗೆ ‘ಸಿ’ ಗುರುತಿನ ಉಲ್ಟಾ ಆಡಿಯೋ ಪಾಟ್ ಬೇಕು.

ಇನ್ನು 250 ಮತ್ತು 500ರ ಜಗಳ. ನಿಮ್ಮ ಗೆಳೆಯ ಹೇಳಿದ್ದು ಸರಿ, ಆದರೆ ಏಕೆ ಎಂಬುದು ಗೊತ್ತಿದ್ದರೆ ಮುಂದಿನ ಸಲ ಯಾರನ್ನೂ ಕೇಳಬೇಕಾಗುವುದಿಲ್ಲ.

ವಾಲ್ಯೂಮ್ ಪೂರ್ತಿ 10ರಲ್ಲಿ ಇದ್ದಾಗ ಪಾಟ್ ಸುಮ್ಮನೆ ಕುಳಿತಿರುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಇಲ್ಲ. ಅದರ ಇಡೀ ಇಂಗಾಲದ ಪಟ್ಟಿ ಆಗಲೂ ಪಿಕಪ್ಪಿಗೂ ನೆಲಕ್ಕೂ ನಡುವೆ ಸೇತುವೆಯಾಗಿರುತ್ತದೆ, ಅದರ ಮೂಲಕ ಸ್ವಲ್ಪ ಸಂಕೇತ ಸದಾ ಸೋರುತ್ತಿರುತ್ತದೆ. ಪಟ್ಟಿಯ ಪ್ರತಿರೋಧ ಕಡಿಮೆಯಾದಷ್ಟೂ ಸೋರಿಕೆ ಹೆಚ್ಚು. ಈ ಸೋರಿಕೆಯ ಪೆಟ್ಟು ಎಲ್ಲ ಸ್ವರಗಳಿಗೂ ಸಮನಾಗಿ ಬೀಳುವುದಿಲ್ಲ. ಪಿಕಪ್ ಎಂದರೆ ಸಾವಿರಾರು ಸುತ್ತಿನ ತಾಮ್ರದ ಸುರುಳಿ. ಅದರ ಇಂಡಕ್ಟನ್ಸ್ ಮತ್ತು ನಿಮ್ಮ ಕೇಬಲ್ಲಿನ ಕೆಪಾಸಿಟನ್ಸ್ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುತ್ತವೆ; ಅಲ್ಲಿ ದನಿ ಶಿಖರದಂತೆ ಏರುತ್ತದೆ. ಸ್ಟ್ರಾಟ್ ಪಿಕಪ್ಪಿನ ಇಂಡಕ್ಟನ್ಸ್ ಸುಮಾರು 2.4 ಹೆನ್ರಿ ಎಂದಿಟ್ಟುಕೊಳ್ಳಿ. ಪಿಕಪ್ಪಿನದೂ ನಾಲ್ಕೈದು ಮೀಟರ್ ಕೇಬಲ್ಲಿನದೂ ಸೇರಿ 560 ಪಿಕೋಫ್ಯಾರಡ್ ಆದರೆ ಅನುರಣನ 4,300 ಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ. 4.4 ಹೆನ್ರಿಯ ಹಂಬಕರಿಗೆ (ಎರಡು ಸುರುಳಿಯ ಪಿಕಪ್ಪಿಗೆ) ಅದೇ ಕೇಬಲ್ ಹಾಕಿದರೆ ಅದು 3,200ಕ್ಕೆ ಇಳಿಯುತ್ತದೆ. ಗಿಟಾರಿನ ಮಿಂಚು, ಚುರುಕು, ಕೆಲವೊಮ್ಮೆ ಕಿವಿ ಇರಿಯುವ ಕರ್ಕಶತನ ಎಲ್ಲವೂ ಈ ಶಿಖರದ ಎತ್ತರವನ್ನು ಅವಲಂಬಿಸಿವೆ. ಪಾಟ್ ಮಾಡುವುದು ಈ ಶಿಖರವನ್ನು ತಗ್ಗಿಸುವ ಕೆಲಸ. ಕೆಳ ಸ್ವರಗಳ ದನಿಗೆ ಅದು ಕೈ ಹಚ್ಚುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 500 ಕೆ ಹಾಕಿದರೆ ಸದ್ದು ಜೋರಾಗುತ್ತದೆ ಎಂಬ ಮಾತು ಅರ್ಧಸತ್ಯ: ಜೋರಾಗುವುದು ಆ ಶಿಖರವೊಂದೇ.

ಎಷ್ಟು ಏರುತ್ತದೆ? ವಾಲ್ಯೂಮ್ ಪಾಟ್ 250 ಕೆ, ಚುರುಕನ್ನು ತಗ್ಗಿಸುವ ಟೋನ್ ಪಾಟ್ 250 ಕೆ, ಎರಡೂ ಸಮಾಂತರವಾಗಿ ಸೇರಿದರೆ ಪಿಕಪ್ಪಿನ ಮೇಲಿನ ಹೊರೆ 125 ಕೆ. ಎರಡೂ 500 ಆದರೆ 250 ಕೆ. ಇದರ ಜೊತೆಗೆ ಆಂಪ್ಲಿಫೈಯರಿನ 1 ಮೆಗಾಓಮ್ ಹೊರೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮೇಲಿನ ಸ್ಟ್ರಾಟ್ ಪಿಕಪ್ಪಿನ ಶಿಖರದಲ್ಲಿ ಸುಮಾರು 4 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಪಿಕಪ್ಪಿನ ಲೋಹದ ಭಾಗಗಳು ನುಂಗುವುದರಿಂದ ನಿಜದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಮೊದಲೇ ಚುರುಕಾಗಿರುವ ಸಿಂಗಲ್ ಕಾಯಿಲ್‌ಗೆ ಇಷ್ಟು ಸೇರಿದರೆ ಚರ್ಚಿನಂಥ ಮಾರ್ದನಿಸುವ ಕಟ್ಟಡದಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಂಬಕರಿನ ಶಿಖರ ಮೊದಲೇ ಕೆಳಗಿದೆ, ಅದನ್ನು 250 ಕೆ ಪಾಟ್‌ಗಳ ಹೊರೆ ಹೊರಿಸಿ ಇನ್ನಷ್ಟು ಒತ್ತಿದರೆ ಕಂಬಳಿ ಹೊದಿಸಿದಂತೆ ಕೇಳಿಸುತ್ತದೆ. ಸ್ಟ್ರಾಟ್ ಮಾಡುವ ಫೆಂಡರ್ ಕಂಪನಿ ಸಿಂಗಲ್ ಕಾಯಿಲ್‌ಗಳಿಗೆ 250, ಲೆಸ್ ಪಾಲ್ ಮಾಡುವ ಗಿಬ್ಸನ್ ಹಂಬಕರ್‌ಗಳಿಗೆ 500 ಹಾಕುವ ರೂಢಿಯಲ್ಲಿ ಈ ತರ್ಕ ಕೂಡುತ್ತದೆ.

ನಿಮ್ಮ ಗಿಟಾರಿನಲ್ಲೇ ಒಂದು ಸ್ವಾರಸ್ಯವಿದೆ, ಗಮನಿಸಿ. ಸಾಂಪ್ರದಾಯಿಕ ಸ್ಟ್ರಾಟ್ ಜೋಡಣೆಯಲ್ಲಿ ಬ್ರಿಡ್ಜ್ ಪಿಕಪ್ಪಿಗೆ (ತಂತಿಗಳ ಬುಡದ ಕಡೆಯದಕ್ಕೆ) ಟೋನ್ ಪಾಟ್ ಇಲ್ಲ. ಒಂದು ಟೋನ್ ನೆಕ್ ಪಿಕಪ್ಪಿಗೆ (ಗಿಟಾರಿನ ಕತ್ತಿನ ಕಡೆಯದಕ್ಕೆ), ಇನ್ನೊಂದು ನಡುವಿನದಕ್ಕೆ. ಹಾಗಾಗಿ ಬ್ರಿಡ್ಜ್ ಒಂದೇ ಆಯ್ದಾಗ ಅದರ ಮೇಲಿನ ಹೊರೆ ವಾಲ್ಯೂಮಿನ 250 ಕೆ ಮಾತ್ರ; ಅಂದರೆ ಎರಡು 500 ಕೆ ಪಾಟ್ ಹೊತ್ತ ಹಂಬಕರಿಗೆ ಇರುವಷ್ಟೇ. ನೆಕ್ ಮತ್ತು ನಡುವಿನ ಪಿಕಪ್ ಜೊತೆಗೂಡಿದಾಗ ವಾಲ್ಯೂಮ್ ಒಂದು, ಟೋನ್ ಎರಡು, ಒಟ್ಟು ಮೂರು ಪಾಟ್‌ಗಳ ಹೊರೆ ಸೇರಿ 83 ಕೆ ಆಗುತ್ತದೆ. ಒಂದೇ ಗಿಟಾರಿನಲ್ಲಿ ಸ್ವಿಚ್ ಸರಿಸಿದಾಗ ಸ್ವಭಾವ ಇಷ್ಟೊಂದು ಬದಲಾಗುವುದರಲ್ಲಿ ಪಿಕಪ್ಪಿನ ಜಾಗದ ಜೊತೆಗೆ ಇದರ ಪಾಲೂ ಇದೆ. ನಿಮ್ಮ ಬ್ರಿಡ್ಜ್ ಪಿಕಪ್ ಈಗಲೇ ಚುಚ್ಚುತ್ತಿದ್ದರೆ ಹೊಸ ಪಿಕಪ್ ಕೊಳ್ಳಬೇಡಿ. ಸ್ವಿಚ್ಚಿನ ಮೇಲೆ ನಡುವಿನ ಟೋನ್ ಪಾಟಿನ ಕೊಂಡಿಯಿಂದ ಬ್ರಿಡ್ಜಿನ ಕೊಂಡಿಗೆ ಒಂದು ತುಂಡು ತಂತಿ ಬೆಸೆಯಿರಿ, ಬ್ರಿಡ್ಜಿಗೂ ಟೋನ್ ಸಿಗುತ್ತದೆ. ಇದರಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಈಗ ಅಂಗಡಿಯಲ್ಲಿ ಯಾರೂ ಹೇಳದ ವಿಷಯ. ಸಾಮಾನ್ಯ ಪಾಟ್‌ಗಳ ಹೇಳಿಕೆಗೂ ನಿಜಕ್ಕೂ ಶೇಕಡಾ 20ರವರೆಗೆ ಅಂತರ ಇರಬಹುದು, ಅದು ದೋಷವೆಂದು ಲೆಕ್ಕವೇ ಇಲ್ಲ. 250 ಕೆ ಎಂದು ಬರೆದಿರುವುದು 200 ಇರಬಹುದು, 300 ಇರಬಹುದು. 500 ಎಂದಿರುವುದು 400ರಿಂದ 600ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಒಂದೇ ಡಬ್ಬಿಯ ಎರಡು ಪಾಟ್‌ಗಳ ನಡುವೆ 80 ಕೆ ವ್ಯತ್ಯಾಸ ಕಂಡರೆ ಬೆಚ್ಚಬೇಡಿ. ಹೆಸರಾಂತ ಬ್ರ್ಯಾಂಡಿನ 205 ಕೆ ಪಾಟನ್ನು ತೆಗೆದು ಹೆಸರಿಲ್ಲದ 290 ಕೆ ಪಾಟ್ ಹಾಕಿದವರು ‘ಈ ಬ್ರ್ಯಾಂಡಿನಲ್ಲಿ ಹೊಳಪಿದೆ’ ಎಂದು ಸಾರುವುದು ಹೀಗೆಯೇ. ಹೊಳಪು ಬ್ರ್ಯಾಂಡಿನದಲ್ಲ, ಮೀಟರಿನಲ್ಲಿ ಕಂಡ ಅಂಕಿಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಬಿಡಿಯಾಗಿ ಕೊಳ್ಳುವ ಅವಕಾಶವಿದ್ದರೆ ಮಲ್ಟಿಮೀಟರ್ ಜೇಬಿನಲ್ಲಿರಲಿ. ನಾಲ್ಕೈದನ್ನು ಅಳೆದು ಬೇಕಾದ್ದನ್ನು ಆರಿಸಿ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಆನ್‌ಲೈನಿನಲ್ಲಿ ತರಿಸುವುದಾದರೆ ಶೇಕಡಾ 10ರ ಅಂತರದ್ದೆಂದು ಹೇಳಿರುವುದನ್ನು ತರಿಸಿ, ಬಂದ ಮೇಲೆ ಅಳೆಯಿರಿ. ನಿಮ್ಮ ಸ್ಟ್ರಾಟಿಗೆ 240ರಿಂದ 270 ಕೆ ನಡುವಿನ ಆಡಿಯೋ ಪಾಟ್ ನನ್ನ ಆಯ್ಕೆ. ಕೊಂಚ ಚುರುಕು ಬೇಕೆನ್ನುವವರು 280, 290ರವರೆಗೆ ಹೋಗಬಹುದು.

ಟೋನ್ ಪಾಟ್‌ಗಳು ತೊಳೆದ ಮೇಲೆ ಸರಿಯಿದ್ದರೆ ಅವುಗಳನ್ನು ಮುಟ್ಟಬೇಡಿ. ಬದಲಾಯಿಸಲೇಬೇಕಾದರೆ ಅಲ್ಲೂ ಆಡಿಯೋ ಟೇಪರನ್ನೇ ಹಾಕಿ. ಲೀನಿಯರ್ ಟೋನ್ ಪಾಟ್ ನಡುವಿನಲ್ಲಿ 125 ಕೆ ತೋರಿಸುತ್ತದೆ, ಅಲ್ಲಿಯವರೆಗೆ ಕಿವಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಎಲ್ಲ ಬದಲಾವಣೆಯೂ ಕೊನೆಯ ಎರಡು ಅಂಕಿಗಳಲ್ಲಿ ಕಿಕ್ಕಿರಿಯುತ್ತದೆ. ಟೋನ್ ಪಾಟಿನ ಜೊತೆಗಿರುವ ಕೆಪಾಸಿಟರಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಯಾರಾದರೂ ತಲೆ ಕೆಡಿಸುವ ಮೊದಲು ಹೇಳಿಬಿಡುತ್ತೇನೆ. ಐವತ್ತರ ದಶಕದ ಸ್ಟ್ರಾಟ್‌ಗಳಲ್ಲಿ 0.1 ಮೈಕ್ರೋಫ್ಯಾರಡ್, ಆಮೇಲೆ 0.05, ಇಂದು ಅನೇಕ ಗಿಟಾರ್‌ಗಳಲ್ಲಿ 0.022 ಇರುತ್ತದೆ. ಟೋನ್ 10ರಲ್ಲಿ ಇದ್ದಾಗ ಇವುಗಳ ನಡುವಿನ ವ್ಯತ್ಯಾಸ ಕೇಳಿಸುವುದೇ ಇಲ್ಲ. 0.022ರ ಕೆಪಾಸಿಟರ್ 1,000 ಹರ್ಟ್ಸ್‌ಗೆ ಒಡ್ಡುವ ಅಡ್ಡಿ ಸುಮಾರು 7 ಕೆ; ಅದರೊಂದಿಗೆ ಸರಣಿಯಲ್ಲಿ 250 ಕೆ ಪಾಟ್ ಇರುವಾಗ ಆ 7 ಯಾರ ಲೆಕ್ಕಕ್ಕೆ? ಟೋನ್ ಪೂರ್ತಿ ಇಳಿಸಿದಾಗ ಮಾತ್ರ ಮೌಲ್ಯದ ವ್ಯತ್ಯಾಸ ತಿಳಿಯುತ್ತದೆ. 1959ರ ಲೆಸ್ ಪಾಲ್‌ಗಳಲ್ಲಿದ್ದ ಪಟ್ಟೆಪಟ್ಟೆಯ ಸ್ಪ್ರೇಗ್ ಕೆಪಾಸಿಟರ್ ನೋಡಲು ಚೆಂದ, ಅಷ್ಟೇ. ಅದೇ ಮೌಲ್ಯದ ಸಾಧಾರಣ ಫಿಲ್ಮ್ ಕೆಪಾಸಿಟರ್ ಅದೇ ಕೆಲಸ ಮಾಡುತ್ತದೆ.

ಈಗ 1966ರ ಪಾಟ್. ಹಳೆಯ ಅಮೆರಿಕನ್ ಪಾಟ್‌ಗಳ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. ಉದಾಹರಣೆಗೆ 1376613 ಎಂದಿದ್ದರೆ 137 ಎಂಬುದು ತಯಾರಕರ ಸಂಖ್ಯೆ, ಸಿಟಿಎಸ್‌ನದು. ಮುಂದಿನ 66 ಎಂದರೆ 1966, ಕೊನೆಯ 13 ಆ ವರ್ಷದ ಹದಿಮೂರನೆಯ ವಾರ. 304 ಇದ್ದರೆ ಸ್ಟ್ಯಾಕ್‌ಪೋಲ್, 134 ಇದ್ದರೆ ಸೆಂಟ್ರಲ್ಯಾಬ್. ಐವತ್ತರ ದಶಕದವುಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುತ್ತದೆ. ನೆನಪಿಡಿ, ಅದು ಪಾಟ್ ತಯಾರಾದ ದಿನ, ಗಿಟಾರ್ ತಯಾರಾದ ದಿನವಲ್ಲ. 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋದ ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿ ರಾಶಿ ತರಿಸಿಕೊಂಡಿತು. ಆ ದಾಸ್ತಾನು 1969ರವರೆಗೂ ಗಿಟಾರ್‌ಗಳೊಳಗೆ ಸೇರುತ್ತಲೇ ಇತ್ತು. 1968ರ ಗಿಟಾರ್ ತೆರೆದಾಗ 1966ರ ಪಾಟ್ ಕಾಣುವುದು ಅದಕ್ಕೇ. ಇಂಥ ಪಾಟಿಗೆ ಬೆಲೆ ಇರುವುದು ಆ ವರ್ಷಗಳ ಮೂಲ ಗಿಟಾರನ್ನು ಮತ್ತೆ ಮೂಲಸ್ಥಿತಿಗೆ ತರುವವರಿಗೆ. ಅವರು ಕೊಡುವ ಹಣ ದಿನಾಂಕಕ್ಕೆ, ದನಿಗಲ್ಲ. ಅರುವತ್ತು ವರ್ಷ ಹಳೆಯ ಇಂಗಾಲದ ಪಟ್ಟಿ ಬರೆದ ಮೌಲ್ಯದಿಂದ ಎತ್ತಲೋ ಸರಿದಿರಬಹುದು, ವೈಪರ್ ಓಡಾಡಿದ ದಾರಿ ಸವೆದಿರಬಹುದು. ನಿಮ್ಮ ಇಂಡೋನೇಷ್ಯಾದ ಗಿಟಾರಿಗೆ ಅದನ್ನು ಹಾಕುವುದರಲ್ಲಿ ಅರ್ಥವಿಲ್ಲ. ಇದರ ಉಲ್ಟಾ ಮಾತೂ ನಿಜ: ಯಾರಾದರೂ ನಿಜವಾದ ಅರವತ್ತರ ದಶಕದ ಗಿಟಾರ್ ತಂದು ಪಾಟ್ ಬದಲಾಯಿಸಿ ಎಂದರೆ ಮೊದಲು ತೊಳೆದು ನೋಡಿ. ಆಗದಿದ್ದರೆ ತೆಗೆದ ಪಾಟನ್ನು ಪೊಟ್ಟಣ ಕಟ್ಟಿ ಗಿಟಾರಿನ ಪೆಟ್ಟಿಗೆಯಲ್ಲೇ ಇಟ್ಟುಕೊಡಿ. ಯಾರೂ ಕೈಯಿಡದ ಮೂಲ ಬೆಸುಗೆಗೂ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ.

ಹಳೆಯದೆಲ್ಲ ಒಂದೇ ಎಂಬುದೂ ಸುಳ್ಳು. 1958ರಲ್ಲಿ ಬಂದ ಫೆಂಡರ್‌ನ ಜಾಝ್‌ಮಾಸ್ಟರ್ ಗಿಟಾರಿನ ಮುಖ್ಯ ಸರ್ಕೀಟಿನಲ್ಲಿ 1 ಮೆಗಾಓಮ್ ಪಾಟ್‌ಗಳಿದ್ದವು. ಎಪ್ಪತ್ತರ ದಶಕದ ಅನೇಕ ಟೆಲಿಕ್ಯಾಸ್ಟರ್‌ಗಳಲ್ಲೂ 1 ಮೆಗಾಓಮ್ ಇದೆ, ಅವುಗಳ ಮೊನಚು ದನಿಗೆ ಅದೂ ಒಂದು ಕಾರಣ. ಅದೇ ಎಪ್ಪತ್ತರ ದಶಕದಲ್ಲಿ ಗಿಬ್ಸನ್ ಲೆಸ್ ಪಾಲ್‌ಗಳಿಗೆ 300 ಕೆ ವಾಲ್ಯೂಮ್, 100 ಕೆ ಟೋನ್ ಹಾಕಿತು; ಆ ಕಾಲದ ಲೆಸ್ ಪಾಲ್‌ಗಳು ಮಂಕು ಎಂಬ ಅಪವಾದದಲ್ಲಿ ಮರದ ತಪ್ಪೆಷ್ಟೋ, ಈ 100 ಕೆ ತಪ್ಪೂ ಅಷ್ಟೇ ಇದೆ. ಹಾಗಾಗಿ ‘ವಿಂಟೇಜ್ ಮೌಲ್ಯ’ ಎಂದು ಯಾರಾದರೂ ಹೇಳಿದರೆ ಯಾವ ವರ್ಷದ, ಯಾವ ಮಾದರಿಯ ಎಂದು ಕೇಳಿ.

ಮೌಲ್ಯ, ಟೇಪರ್ ಎರಡೂ ಸರಿಯಾದ ಮೇಲೂ ಪಾಟ್ ಗಿಟಾರಿನೊಳಗೆ ಕೂರದೆ ಹೋಗಬಹುದು. ಹೆಚ್ಚಿನವರು ಸೋಲುವುದು ಇಲ್ಲಿಯೇ. ಅಮೆರಿಕನ್ ಅಳತೆಯ ಸಿಟಿಎಸ್ ಪಾಟಿನಲ್ಲಿ ನಟ್ ಕೂರುವ ಥ್ರೆಡ್ ಕುತ್ತಿಗೆಯ ವ್ಯಾಸ 3/8 ಇಂಚು, ಅಂದರೆ 9.5 ಮಿಲಿಮೀಟರ್. ಏಷ್ಯಾದಲ್ಲಿ ತಯಾರಾದ ಗಿಟಾರ್‌ಗಳಲ್ಲಿ ದೊಡ್ಡ ಗಾತ್ರದ ಆಲ್ಫಾ ಪಾಟ್ ಇದ್ದರೆ 8, ಚಿಕ್ಕ ಪಾಟ್ ಇದ್ದರೆ 7 ಮಿಲಿಮೀಟರ್ ಇರುವುದು ಸಾಮಾನ್ಯ. ನಿಮ್ಮ ಪಿಕ್‌ಗಾರ್ಡಿನ (ಪಾಟ್ ಕೂರುವ ಮುಂಭಾಗದ ಪ್ಲಾಸ್ಟಿಕ್ ತಗಡಿನ) ತೂತು 8 ಇದ್ದರೆ ಸಿಟಿಎಸ್ ತೂರುವುದಿಲ್ಲ. ಡ್ರಿಲ್ ಹಿಡಿದು ಹೊರಡಬೇಡಿ, ಪ್ಲಾಸ್ಟಿಕ್ಕಿಗೆ ಬಿಟ್ ಕಚ್ಚಿಕೊಂಡರೆ ಪಿಕ್‌ಗಾರ್ಡ್ ಸೀಳುತ್ತದೆ. ದುಂಡು ಅರದಿಂದ ಅಥವಾ ಕೈ ರೀಮರಿನಿಂದ ನಿಧಾನವಾಗಿ ಅಗಲಿಸಿ. ಅದಕ್ಕಿಂತ ಸುಲಭದ ದಾರಿಯೆಂದರೆ ಈಗಿರುವ ತೂತಿಗೇ ಒಪ್ಪುವ ಆಲ್ಫಾ 250 ಕೆ ಆಡಿಯೋ ಹಾಕುವುದು. ತೈವಾನಿನ ಆಲ್ಫಾ ಕೆಳದರ್ಜೆಯದೆಂದು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಮೀಟರಿನಲ್ಲಿ ಸರಿಯಾದ ಅಂಕಿ ತೋರಿಸುವ ಆಲ್ಫಾ, ತಪ್ಪು ಅಂಕಿ ತೋರಿಸುವ ಸಿಟಿಎಸ್‌ಗಿಂತ ಮೇಲು.

ನಾಬಿನ ವಿಷಯದಲ್ಲೂ ಇದೇ ಅಳತೆಯ ಗೋಳು. ಒತ್ತಿ ಕೂರಿಸುವ ಪ್ಲಾಸ್ಟಿಕ್ ನಾಬ್‌ಗಳಿಗೆ ಸೀಳು ಶಾಫ್ಟ್ ಬೇಕು. ಸಿಟಿಎಸ್ ಶಾಫ್ಟಿನ ಸುತ್ತ 24 ಸಣ್ಣ ಹಲ್ಲುಗಳಿರುತ್ತವೆ, ಮೆಟ್ರಿಕ್ ಪಾಟ್‌ಗಳಲ್ಲಿ 18 ದಪ್ಪ ಹಲ್ಲುಗಳು. ಒಂದರ ನಾಬನ್ನು ಇನ್ನೊಂದಕ್ಕೆ ಒತ್ತಿ ತುರುಕಿದರೆ ನಾಬ್ ಬಿರಿಯುತ್ತದೆ, ಇಲ್ಲವೇ ಹಗೂರವಾಗಿ ಕುಳಿತು ಹಾಡಿನ ನಡುವೆ ಕೈಗೆ ಬರುತ್ತದೆ. ಟೆಲಿಕ್ಯಾಸ್ಟರಿನ ಲೋಹದ ನಾಬ್‌ಗಳಿಗೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುವುದರಿಂದ ಗಟ್ಟಿ ಶಾಫ್ಟ್ ಬೇಕು, ಅಮೆರಿಕನ್ನದು 6.35, ಮೆಟ್ರಿಕ್ಕಿನದು 6 ಮಿಲಿಮೀಟರ್.

ತಿರುಗಿಸಲು ಎಷ್ಟು ಬಿಗಿ ಎಂಬುದು ಕೊಳ್ಳುವಾಗ ಯಾರೂ ಕೇಳದ, ನುಡಿಸುವಾಗ ಎಲ್ಲರೂ ಗೊಣಗುವ ವಿಷಯ. ಸ್ಟ್ರಾಟಿನ ವಾಲ್ಯೂಮ್ ತಂತಿಗಳ ಪಕ್ಕದಲ್ಲೇ ಇದೆ. ಕಿರುಬೆರಳಿನಿಂದ ಏರಿಸಿ ಇಳಿಸಿ ಪಿಟೀಲಿನ ಕಮಾನಿನಂಥ ಏರಿಳಿತ ತರುವವರಿಗೆ ಬಿಗಿ ಪಾಟ್ ಆಗಿಬರುವುದಿಲ್ಲ. ಕೈ ತಾಗಿದರೆ ತಿರುಗುವಷ್ಟು ಸಡಿಲವಾಗಿರುವುದೂ ಜೋರಾಗಿ ಮೀಟುವವರಿಗೆ ಕಾಟವೇ. ಕೊಳ್ಳುವ ಮೊದಲು ಕೈಯಲ್ಲಿ ತಿರುಗಿಸಿ ನೋಡುವುದಕ್ಕೆ ಬದಲಿಯಿಲ್ಲ.

ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಸಾಯುವುದಕ್ಕೆ ಬರೋಣ. ಪಾಟ್ ನಡುವೆ ನಿಂತಾಗ ಅದರ ಇಂಗಾಲದ ಪಟ್ಟಿಯ ಒಂದು ಭಾಗ ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಅಡ್ಡ ಬರುತ್ತದೆ, ಕೇಬಲ್ಲಿನ ಕೆಪಾಸಿಟನ್ಸ್ ಜೊತೆ ಸೇರಿ ಮೇಲಿನ ಆವರ್ತನಗಳನ್ನು ನುಂಗುತ್ತದೆ. 500 ಕೆ ಪಾಟಿನಲ್ಲಿ ಈ ಅಡ್ಡಿ ಅತಿ ಹೆಚ್ಚೆಂದರೆ 125 ಕೆ, 500 ಪಿಕೋಫ್ಯಾರಡ್ ಕೇಬಲ್ಲಿನೊಂದಿಗೆ 2,500 ಹರ್ಟ್ಸ್‌ನಿಂದಲೇ ಟ್ರೆಬಲ್ ಜಾರತೊಡಗುತ್ತದೆ. 250 ಕೆ ಪಾಟಿನಲ್ಲಿ ಅಡ್ಡಿ ಗರಿಷ್ಠ 62 ಕೆ, ಜಾರುವುದು 5,000ದ ಮೇಲೆ. 10ರಲ್ಲಿ ಹೊಳೆಯುವ 500 ಕೆ, ಇಳಿಸಿದಾಗ ಹೆಚ್ಚು ಮಂಕಾಗುತ್ತದೆ ಎಂದಂತಾಯಿತು. ಅಂಗಡಿಯವರ ಮಾತು ಕೇಳಿ 500 ಹಾಕಿದ್ದರೆ ನಿಮ್ಮ ಈ ದೂರು ಇಮ್ಮಡಿಯಾಗುತ್ತಿತ್ತು. ಪರಿಹಾರ ಎರಡಿವೆ. ವಾಲ್ಯೂಮ್ ಪಾಟಿನ ಒಳಬರುವ ಕಾಲಿಗೂ ನಡುಗಾಲಿಗೂ ನಡುವೆ 680ರಿಂದ 1,000 ಪಿಕೋಫ್ಯಾರಡ್ ಕೆಪಾಸಿಟರ್ ಮತ್ತು 150 ಕೆ ರೆಸಿಸ್ಟರ್ ಸಮಾಂತರವಾಗಿ ಬೆಸೆಯುವುದು ಒಂದು. ಇದರಿಂದ ಟ್ರೆಬಲ್ ಉಳಿಯುತ್ತದೆ. ಆದರೆ ಆ ರೆಸಿಸ್ಟರ್ ನೀವು ಹುಡುಕಿ ತಂದ ಆಡಿಯೋ ಟೇಪರನ್ನು ಸ್ವಲ್ಪ ಬಗ್ಗಿಸುತ್ತದೆ, ವಾಲ್ಯೂಮ್ ಮೊದಲಿಗಿಂತ ನಿಧಾನವಾಗಿ ಇಳಿಯುತ್ತದೆ. ಎರಡನೆಯದು, ಗಿಬ್ಸನ್ ಐವತ್ತರ ದಶಕದಲ್ಲಿ ಮಾಡುತ್ತಿದ್ದ ಜೋಡಣೆ: ಟೋನ್ ಸರ್ಕೀಟನ್ನು ವಾಲ್ಯೂಮಿನ ಒಳಬರುವ ಕಾಲಿನ ಬದಲು ನಡುಗಾಲಿಗೆ ಸೇರಿಸುವುದು. ಇಳಿಸಿದಾಗ ದನಿ ಹೆಚ್ಚು ತಿಳಿಯಾಗಿ ಉಳಿಯುತ್ತದೆ, ಹೊಸ ಬಿಡಿಭಾಗ ಬೇಡ. ವಾಲ್ಯೂಮ್ ಮತ್ತು ಟೋನ್ ಒಂದರ ಮೇಲೊಂದು ಕೊಂಚ ಪ್ರಭಾವ ಬೀರುವುದನ್ನು ಒಗ್ಗಿಸಿಕೊಳ್ಳಬೇಕು. ಪಿಕಪ್ಪಿಗೊಂದು ವಾಲ್ಯೂಮ್, ಒಂದು ಟೋನ್ ಇರುವ ಲೆಸ್ ಪಾಲ್‌ಗೆ ಇದು ಹೇಳಿ ಮಾಡಿಸಿದ್ದು. ಸ್ವಿಚ್ಚಿನ ಮೂಲಕ ಟೋನ್ ಸೇರುವ ಸ್ಟ್ರಾಟ್‌ಗೆ ಮೊದಲನೆಯದೇ ಅನುಕೂಲ. ನಿಮ್ಮಲ್ಲಿ ಹೊಸ 250 ಕೆ ಹಾಕಿ, ಚಿಕ್ಕ ಕೇಬಲ್ ಬಳಸಿ ನೋಡಿ. ಆಮೇಲೂ ಕೊರತೆ ಎನ್ನಿಸಿದರೆ ಮಾತ್ರ ಇದಕ್ಕೆ ಕೈ ಹಾಕಿ.

ತಮ್ಮನ ಲೆಸ್ ಪಾಲ್‌ಗೆ ನಾಲ್ಕೂ 500 ಕೆ ಆಡಿಯೋ. ಐದಾರು ಪಾಟ್ ತಂದು ಅಳೆಯಿರಿ. ಅಂಕಿ ಹೆಚ್ಚಿರುವುದನ್ನು ನೆಕ್ ಪಿಕಪ್ಪಿನ ವಾಲ್ಯೂಮಿಗೆ, ಕಡಿಮೆಯಿರುವುದನ್ನು ಬ್ರಿಡ್ಜಿಗೆ ಕೊಡಿ: ಗೊಜ್ಜಾಗುವ ನೆಕ್ ತಿಳಿಯಾಗುತ್ತದೆ, ಚುಚ್ಚುವ ಬ್ರಿಡ್ಜ್ ಮೆದುವಾಗುತ್ತದೆ. ಎರಡೂ ಪಿಕಪ್ ಆಯ್ದಾಗ ನಾಲ್ಕು ಪಾಟ್‌ಗಳೂ ಸೇರಿ ಹೊರೆ 125 ಕೆಗೆ ಇಳಿಯುತ್ತದೆ, ಅಲ್ಲಿ ದನಿ ಮೆತ್ತಗಾಗುವುದು ಸಹಜ. ಕೊಳ್ಳುವ ಮೊದಲು ಹಿಂಬದಿಯ ಮುಚ್ಚಳ ತೆಗೆದು ಮರದ ದಪ್ಪ ನೋಡಿ. ಉಬ್ಬು ಮೇಲ್ಮೈಯ ದಪ್ಪ ಮರವಾದರೆ 3/4 ಇಂಚಿನ ಉದ್ದ ಕುತ್ತಿಗೆಯ ಪಾಟ್ ಬೇಕು. ನಿಮ್ಮ ಪಿಕ್‌ಗಾರ್ಡಿಗೆ 3/8 ಇಂಚಿನ ಗಿಡ್ಡ ಕುತ್ತಿಗೆ ಸಾಕು.

ಬೆಸುಗೆಯ ಬಗ್ಗೆ ಕಡೆಯದಾಗಿ ಒಂದೆರಡು ಮಾತು. ನೆಲದ ತಂತಿಗಳನ್ನು ಪಾಟಿನ ಬೆನ್ನಿಗೆ ಬೆಸೆಯುವಾಗಲೇ ಹೊಸ ಪಾಟ್‌ಗಳು ಸಾಯುವುದು. 25 ವಾಟ್‌ನ ಸಣಕಲು ಕಡ್ಡಿ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಬಿಸಿ ಒಳಗಿನ ಇಂಗಾಲದ ಪಟ್ಟಿಗೆ ಇಳಿಯುತ್ತದೆ. 40ರಿಂದ 60 ವಾಟ್‌ನ ಕಡ್ಡಿಗೆ ಅಗಲ ತುದಿ ಹಾಕಿ. ಬೆನ್ನನ್ನು ಮೊದಲು ಮರಳು ಕಾಗದದಿಂದ ಉಜ್ಜಿ, ಫ್ಲಕ್ಸ್ ಸವರಿ, ನಾಲ್ಕೈದು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಆಗಲಿಲ್ಲವೆಂದರೆ ಬಿಟ್ಟು, ತಣ್ಣಗಾದ ಮೇಲೆ ಮತ್ತೆ ಪ್ರಯತ್ನಿಸಿ. ನಟ್ ಬಿಗಿಯುವಾಗ ಪಾಟಿನ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ, ಅದು ನಟ್ಟಿನೊಂದಿಗೆ ತಿರುಗಿದರೆ ತಂತಿಗಳು ಕಿತ್ತು ಬರುತ್ತವೆ. ನುಡಿಸುವ ಹೊಸ ತಂತಿ ಏರಿಸುವ ಮೊದಲೇ ಕೇಬಲ್ ಸಿಕ್ಕಿಸಿ, ಆಂಪ್ಲಿಫೈಯರ್ ಸಣ್ಣಗಿಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ. ಸ್ವಿಚ್ಚಿನ ಐದೂ ಸ್ಥಾನಗಳಲ್ಲಿ ಟಕ್ ಟಕ್ ಸದ್ದು ಬರುತ್ತದೆಯೇ, ವಾಲ್ಯೂಮ್ ಇಳಿಸಿದಂತೆ ಅದು ಸಮನಾಗಿ ಇಳಿಯುತ್ತದೆಯೇ ನೋಡಿ. ಏನಾದರೂ ತಪ್ಪಿದ್ದರೆ ಪಿಕ್‌ಗಾರ್ಡ್ ಮತ್ತೆ ಎತ್ತಲು ಆಗ ತಂತಿಗಳ ಕಾಟ ಇರುವುದಿಲ್ಲ.